ಪಣಜಿಯಂಥ ಸಣ್ಣ ರಾಜಧಾನಿಗೆ ಕೆಲಸಕ್ಕೆ ಹೋಗಬಹುದೇ, ಬೆಂಗಳೂರೇ ಲೇಸೇ?

ಬದಿಯಡ್ಕದವರು ನೀವು, ನಾನು ನೀರ್ಚಾಲಿನವನು. ಪದವಿ ಮುಗಿಸಿ ನಾನು ಮೊದಲ ಕೆಲಸಕ್ಕೆ ಸೇರಿದ್ದೇ ಪಣಜಿಯಲ್ಲಿ. ಬೆಂಗಳೂರು ಬಿಟ್ಟು ಅಲ್ಲಿಗೇಕೆ ಎಂದು ಆಗ ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು.

ಸಣ್ಣ ಊರು ಹೌದು. 2011ರ ಜನಗಣತಿಯಲ್ಲಿ ಪಣಜಿ ನಗರದ ಜನಸಂಖ್ಯೆ ಸುಮಾರು 40 ಸಾವಿರ. ನಮ್ಮ ಕಾಸರಗೋಡು ನಗರಸಭೆಯದ್ದೇ 50 ಸಾವಿರ ದಾಟಿತ್ತು. ಆದರೂ 1843ರಿಂದ ಅದು ಗೋವೆಯ ರಾಜಧಾನಿ. ಮಾರುಕಟ್ಟೆ, ಗ್ರಂಥಾಲಯ, ಕಲಾ ಅಕಾಡೆಮಿ, ಕಚೇರಿ ಎಲ್ಲವನ್ನೂ ನಡೆದೇ ಮುಟ್ಟಬಹುದು. ಸಂಜೆ ಮಿರಾಮಾರ್ ಕಡಲತೀರಕ್ಕೂ ಹೋಗಿ ಬರಬಹುದು. ಬೆಂಗಳೂರಿನೊಡನೆ ತೂಗಿ ನೋಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆ ಊರಿನಲ್ಲಿ ನಿಮ್ಮ ಮನೆ ಹೊಳೆಯಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ನಾನು ಕೇಳಿಕೊಳ್ಳಲಿಲ್ಲ.

ನಾನು ಹೋದದ್ದು ಮೇ ತಿಂಗಳಿನಲ್ಲಿ. ಸಾಂತಿನೇಜ್ ತೋಡಿನ ಹತ್ತಿರ ನೆಲಮಹಡಿಯ ಮನೆಯೊಂದು ಕಡಿಮೆ ಬಾಡಿಗೆಗೆ ಸಿಕ್ಕಿತು. ಗೋಡೆಗೆ ಹೊಸ ಸುಣ್ಣ, ಕಿಟಕಿಗೆ ಗಾಳಿ, ಕಚೇರಿಗೆ ಹತ್ತು ನಿಮಿಷದ ನಡಿಗೆ. ಅಂದೇ ಮುಂಗಡ ಕೊಟ್ಟುಬಿಟ್ಟೆ. ಸುಣ್ಣ ಸೊಂಟದ ಎತ್ತರದವರೆಗೆ ಮಾತ್ರ ಹೊಸದಾಗಿತ್ತು, ಮೇಲೆ ಹಳೆಯದೇ ಇತ್ತು. ಅದನ್ನು ಕಂಡೂ ಕಾರಣ ಕೇಳಲಿಲ್ಲ. ಪಕ್ಕದ ದಿನಸಿ ಅಂಗಡಿಯವರು ಅಕ್ಕಿಮೂಟೆಗಳನ್ನೆಲ್ಲ ಎತ್ತರದ ಹಲಗೆಯ ಮೇಲೆ ಜೋಡಿಸಿದ್ದರು. ಇಲಿಗಳ ಕಾಟಕ್ಕೆ ಇರಬೇಕು ಎಂದುಕೊಂಡೆ.

ನಮ್ಮ ಕಡೆಯ ತಿಳಿವಳಿಕೆಯೇ ನನ್ನ ಕಣ್ಣು ಕಟ್ಟಿತ್ತು. ಇಲ್ಲಿ ಮನೆ ಇರುವುದು ಗುಡ್ಡೆಯ ಇಳಿಜಾರಿನಲ್ಲಿ. ಎಷ್ಟೇ ಮಳೆ ಸುರಿದರೂ ನೀರು ಅಂಗಳ ದಾಟಿ ತೋಡಿಗೆ, ತೋಡಿನಿಂದ ಹೊಳೆಗೆ ಇಳಿದುಹೋಗುತ್ತದೆ. ಪಣಜಿಯಲ್ಲಿ ಹಾಗಿಲ್ಲ. ಆಲ್ತಿನ್ಹೊ ಗುಡ್ಡ ಮತ್ತು ಮಾಂಡೋವಿ ಹೊಳೆಯ ನಡುವಿನ ತಗ್ಗು ನೆಲದಲ್ಲಿ ಊರಿನ ಬಹುಭಾಗವಿದೆ. ಅದರಲ್ಲಿ ಎಷ್ಟೋ ಮಣ್ಣು ತುಂಬಿಸಿ ಮಾಡಿದ ಜಾಗ. ಅಳಿವೆ ಪಕ್ಕದಲ್ಲೇ ಇರುವುದರಿಂದ ಹೊಳೆ ದಿನಕ್ಕೆರಡು ಬಾರಿ ಉಬ್ಬಿ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಇನ್ನೂ ಜಾಸ್ತಿ, ಸುಮಾರು ಎರಡು ಮೀಟರ್. ಊರಿನ ಮಳೆನೀರನ್ನು ಹೊಳೆಗೆ ಒಯ್ಯಬೇಕಾದ ತೋಡು ಉಬ್ಬರದ ಹೊತ್ತಿನಲ್ಲಿ ಖಾಲಿಯಾಗುವುದಿಲ್ಲ. ಆ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿಯ ನೀರು ಹಿಂದಕ್ಕೆ ಬಂದು ರಸ್ತೆಗೆ ಏರುತ್ತದೆ. ಪೇಟೆಯ ಮುಖ್ಯ ಬೀದಿಯಾದ ಜೂನ್ 18 ರಸ್ತೆಯಲ್ಲೂ ಮಳೆಗಾಲದಲ್ಲಿ ನೀರು ನಿಲ್ಲುವುದು ಇದರಿಂದಲೇ. ಮಳೆ ಎಷ್ಟು ಬಂತು ಎಂಬುದಕ್ಕಿಂತ ಯಾವ ಗಳಿಗೆಯಲ್ಲಿ ಬಂತು ಎಂಬುದು ಅಲ್ಲಿ ಮುಖ್ಯ.

ಆಟಿ ಅಮಾವಾಸ್ಯೆಯ (ಆಷಾಢದ ಅಮಾವಾಸ್ಯೆ) ಆಸುಪಾಸಿನ ಒಂದು ರಾತ್ರಿ ನೀರು ಬಚ್ಚಲಿನ ತೂಬಿನಿಂದ ಮೇಲೆದ್ದು ಮನೆಯೊಳಗೆ ಬಂತು. ಮಂಚದ ಕೆಳಗಿನ ಟ್ರಂಕಿನಲ್ಲಿ ನನ್ನ ಅಂಕಪಟ್ಟಿ, ಪ್ರಮಾಣಪತ್ರಗಳೆಲ್ಲ ಇದ್ದವು. ಮತ್ತೆ ನಕಲು ಪ್ರತಿ ಮಾಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಅಸಲು ಪತ್ರ ತೋರಿಸಲಾಗದೆ ಒಂದು ಒಳ್ಳೆಯ ಸರ್ಕಾರಿ ಕೆಲಸ ಕೈತಪ್ಪಿತು. ಮನೆಯ ಮಾಲೀಕರು ಮುಂಗಡ ಹಿಂದಿರುಗಿಸಲಿಲ್ಲ. ಆಮೇಲೆ ಗುಡ್ಡದ ಓರೆಯಲ್ಲಿ ಮಹಡಿಯ ಮೇಲಿನ ಒಂದೇ ಕೋಣೆಗೆ ಹೆಚ್ಚು ಬಾಡಿಗೆ ಕೊಟ್ಟು ಹೋದೆ. ಅಲ್ಲಿದ್ದಷ್ಟು ಕಾಲ ನೆಮ್ಮದಿಯಾಗಿದ್ದೆ.

ಹೊಳೆಯಾಚೆ ಪರ್ವರಿಯಲ್ಲಿ ಇರಿ ಎಂದು ಹಲವರು ಹೇಳುತ್ತಾರೆ. ವಿಧಾನಸಭೆ, ಸಚಿವಾಲಯ ಅಲ್ಲಿರುವುದು ನಿಜ. ನಿಮ್ಮ ಕಚೇರಿಯೂ ಅಲ್ಲೇ ಇದ್ದರೆ ಇರಿ. ಇಲ್ಲವಾದರೆ ದಿನವೂ ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ನಿಲ್ಲಬೇಕಾದೀತು. 1986ರ ಜುಲೈಯಲ್ಲಿ ಮಾಂಡೋವಿ ಸೇತುವೆ ಕುಸಿದಿತ್ತು. ಈಗ 2019ರಲ್ಲಿ ತೆರೆದ ಅಟಲ್ ಸೇತುವೆ ಸೇರಿ ಮೂರು ಸೇತುವೆಗಳಿವೆ. ನಾನಂತೂ ಬೇತಿಯ ಫೆರಿಯನ್ನೇ ಮೆಚ್ಚುತ್ತಿದ್ದೆ, ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ನಮ್ಮ ಪತ್ರಿಕೆಗಳಲ್ಲಿ ಮಹಾದಾಯಿ ಎಂದು ಓದುವ ಹೊಳೆ ಇದೇ. ಬೆಳಗಾವಿಯ ಖಾನಾಪುರ ತಾಲೂಕಿನಲ್ಲಿ ಹುಟ್ಟಿ ಅಲ್ಲಿಗೆ ಬಂದು ಕಡಲು ಸೇರುತ್ತದೆ.

ಭಾಷೆಯ ಅಂಜಿಕೆ ನಿಮಗೆ ಬೇಡ. ತುಳು, ಮಲಯಾಳ, ಕನ್ನಡಗಳ ನಡುವೆ ಬೆಳೆದವರಿಗೆ ಕೊಂಕಣಿ ಬೇಗ ಹಿಡಿಸುತ್ತದೆ. ಮಂಜೇಶ್ವರದ ಗೋವಿಂದ ಪೈಯವರ ಮನೆಮಾತೂ ಅದೇ ಆಗಿತ್ತು. ಇನ್ನೊಂದು ವಿಷಯ ನನ್ನನ್ನು ಆ ಊರಿಗೆ ಹತ್ತಿರ ಮಾಡಿತು. ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಎಂದು 1967ರ ಜನವರಿಯಲ್ಲಿ ಜನರನ್ನೇ ಕೇಳಿದರು, ಅವರು ಬೇಡ ಎಂದರು, 1987ರಲ್ಲಿ ಅದು ರಾಜ್ಯವಾಯಿತು. ನಮ್ಮ ಕಾಸರಗೋಡನ್ನು 1956ರಲ್ಲಿ ಕೇರಳಕ್ಕೆ ಸೇರಿಸುವಾಗ ಯಾರೂ ಹಾಗೆ ಕೇಳಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಅದೇ 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ಕಾಗದದಲ್ಲೇ ಉಳಿಯಿತು. ಪಣಜಿಯ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ಕಿವಿಗೊಟ್ಟು ಕೇಳುತ್ತಿದ್ದರು.

ಹೋಗಿ. ಕಾಸರಗೋಡಿನಿಂದ ನೇತ್ರಾವತಿ ಎಕ್ಸ್‌ಪ್ರೆಸ್‌ನಲ್ಲಿ ಮಡಗಾಂವ್‌ಗೆ, ಅಲ್ಲಿಂದ ಗೋವೆಯ ಸರ್ಕಾರಿ ಕದಂಬ ಬಸ್ಸಿನಲ್ಲಿ ಪಣಜಿಗೆ. ಸಾಧ್ಯವಾದರೆ ಮನೆ ಹುಡುಕಲು ಜುಲೈಯಲ್ಲೇ ಹೋಗಿ, ಉಬ್ಬರದ ವೇಳೆ ತಿಳಿದುಕೊಂಡು ಆ ಹೊತ್ತಿಗೇ ಓಣಿಯಲ್ಲಿ ನಡೆಯಿರಿ. ಗೋಡೆಯ ಬುಡ ನೋಡಿ, ಪಕ್ಕದ ಅಂಗಡಿಯಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿ. ನೆಲಮಹಡಿಯಾದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಮುಂಗಡ ಕೊಡಬೇಡಿ. ಪ್ರಮಾಣಪತ್ರಗಳನ್ನು ಬದಿಯಡ್ಕದ ಮನೆಯಲ್ಲೇ ಬಿಟ್ಟು ಹೋಗಿ.