ಅಬ್ರಿಜ್ ಅಲ್ಲ, ಕರ್ಟೇಲ್

ಮಳೆ ಬಂದು ಸಭೆಯನ್ನು ಅರ್ಧಕ್ಕೇ ಮುಗಿಸಿದ್ದನ್ನು ಇಂಗ್ಲಿಷ್ ವರದಿಯಲ್ಲಿ ಬರೆಯಲು ‘ಅಬ್ರಿಜ್’ ನಡೆಯುತ್ತಾ ಅಂತ ಕೇಳಿದ್ದೀರಿ. ಬೇಡ. ‘ಕರ್ಟೇಲ್’ ಹಾಕಿ, ಇಲ್ಲವೇ ಸರಳವಾಗಿ ‘ಕಟ್ ಶಾರ್ಟ್’.

ಅಬ್ರಿಜ್ ಹೆಚ್ಚಾಗಿ ಬರಹಕ್ಕೆ. 600 ಪುಟದ ಕಾದಂಬರಿಯನ್ನು ಕಥೆ ಕೆಡದಂತೆ 200 ಪುಟಕ್ಕೆ ಇಳಿಸಿದರೆ ಅದು ಅಬ್ರಿಜ್ಡ್. ‘ಡಾಕ್ಟರ್’ ಅನ್ನೋದನ್ನ ‘ಡಾ.’ ಮಾಡಿದರೆ ಅಬ್ರಿವಿಯೇಟ್. ಮಜಾ ಅಂದ್ರೆ ಎರಡೂ ಒಂದೇ ಲ್ಯಾಟಿನ್ ಬೇರಿನವು. ಅಬ್ರಿಜ್ ಫ್ರೆಂಚ್ ದಾರಿಯಲ್ಲಿ ಸವೆದು ಬಂದದ್ದು, ಅಷ್ಟೆ.

ಕರ್ಟೇಲ್‌ನ ಹಿಂದೆ ಒಂದು ಕುದುರೆಯಿದೆ! ಬಾಲ ಮೊಟಕು ಮಾಡಿದ ಕುದುರೆಯನ್ನು ಹಿಂದೆ ಇಂಗ್ಲಿಷಿನಲ್ಲಿ ‘ಕರ್ಟಲ್’ ಅನ್ನುತ್ತಿದ್ದರು. ನಮ್ಮ ‘ಮೊಟಕುಗೊಳಿಸು’ ಇದಕ್ಕೆ ಸರಿಯಾದ ಜೋಡಿ: ಅಧಿವೇಶನ, ರಜೆ, ಅಧಿಕಾರ, ಖರ್ಚು ಎಲ್ಲಕ್ಕೂ ಒಗ್ಗುತ್ತದೆ.

ಟ್ರಂಕೇಟ್ ಮಾತ್ರ ನಿರ್ದಾಕ್ಷಿಣ್ಯ, ತುದಿಯನ್ನು ಕಚಕ್ಕನೆ ಕತ್ತರಿಸುವುದು. ಎಕ್ಸೆಲ್‌ನ ‘TRUNC’ ಸೂತ್ರಕ್ಕೆ 3.78 ಕೊಟ್ಟು ನೋಡಿ, 3 ಬರುತ್ತದೆ. ಪೂರ್ಣಾಂಕಕ್ಕೆ ರೌಂಡ್ ಮಾಡಿದರೆ 4.

ಪ್ಯಾಂಟಿನ ಕಾಲಿಗೆ ಶಾರ್ಟನ್, ಸಾರಿನ ಉಪ್ಪಿಗೆ ರಿಡ್ಯೂಸ್. ನಿಮ್ಮ ಸಭೆಗೆ ಇವೆರಡೂ ಬೇಕಿಲ್ಲ.