ಒಂದು ವಿಮಾನಕ್ಕೆ ಇಪ್ಪತ್ತು ಸಾವಿರ ಶೆಲ್

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಒಂದೊಂದು ವಿಮಾನ ಬೀಳಿಸಲು ಸಾವಿರಾರು ಶೆಲ್ ಹಾರಿಸುತ್ತಿದ್ದರೆಂದು ಓದಿದೆ. ಅಷ್ಟೊಂದು ಗುರಿ ತಪ್ಪುವ ವಿಮಾನ ನಿರೋಧಕ ಫಿರಂಗಿಗಳಿಂದ ಪ್ರಯೋಜನವೇನಿತ್ತು?
- ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಓದಿದ್ದು ನಿಜ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಜರ್ಮನಿಯ ರಾತ್ರಿ ದಾಳಿ ಶುರುವಾದಾಗ ಬ್ರಿಟಿಷರು ಉರುಳಿಸಿದ ಒಂದೊಂದು ವಿಮಾನಕ್ಕೆ 20,000ಕ್ಕೂ ಹೆಚ್ಚು ಶೆಲ್ ಖರ್ಚಾಗಿದ್ದವು. ಆದರೆ ಫಿರಂಗಿಯವರನ್ನು ಬೈಯುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ. ಅವರ ಮುಖ್ಯ ಆಯುಧ 3.7 ಇಂಚಿನ ಫಿರಂಗಿ. ಅದರ ಶೆಲ್ ಐದಾರು ಕಿಲೋಮೀಟರ್ ಎತ್ತರ ಮುಟ್ಟಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 320 ಕಿಲೋಮೀಟರ್ ವೇಗದ ಬಾಂಬರ್ ಅಷ್ಟರಲ್ಲಿ ಸುಮಾರು ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ವಿಮಾನ ಇರುವಲ್ಲಿಗಲ್ಲ, ಇರಲಿರುವಲ್ಲಿಗೆ ಹೊಡೆಯಬೇಕು. ಸಾಲದ್ದಕ್ಕೆ ಶೆಲ್ಲಿನ ಮೂತಿಯಲ್ಲಿ ಅದನ್ನು ಸಿಡಿಸುವ ಫ್ಯೂಜ್ ಎಂಬ ಸಾಧನವಿತ್ತು; ಶೆಲ್ ಎಷ್ಟು ಸೆಕೆಂಡಿಗೆ ಸಿಡಿಯಬೇಕೆಂದು, ಹಾರಿಸುವ ಮೊದಲೇ ಫ್ಯೂಜಿನ ಉಂಗುರ ತಿರುಗಿಸಿ ನಿಗದಿ ಮಾಡಬೇಕಿತ್ತು. ಅರ್ಧ ಸೆಕೆಂಡ್ ಹೆಚ್ಚುಕಡಿಮೆಯಾದರೂ ಶೆಲ್ ನೂರು ಮೀಟರಿಗೂ ಹೆಚ್ಚು ಆಚೀಚೆ ಸಿಡಿಯುತ್ತಿತ್ತು. ಇದೆಲ್ಲ ಕತ್ತಲಲ್ಲಿ, ಹಲವೆಡೆ ಬರೀ ವಿಮಾನದ ಸದ್ದು ಹಿಡಿಯುವ ಯಂತ್ರ ನಂಬಿಕೊಂಡು!

ಇನ್ನು ಪ್ರಯೋಜನದ ಮಾತು. ವಿಮಾನ ಬೀಳಿಸುವುದೊಂದೇ ಫಿರಂಗಿಯ ಕೆಲಸವಲ್ಲ. ಸುತ್ತ ಶೆಲ್ ಸಿಡಿಯುತ್ತಿದ್ದರೆ ಪೈಲಟ್ ಮೇಲಕ್ಕೇರುತ್ತಾನೆ, ಹಾದಿ ಬದಲಿಸುತ್ತಾನೆ. ಬಾಂಬು ಎಲ್ಲೋ ಬೀಳುತ್ತದೆ. ಊರಿನವರ ಧೈರ್ಯವೂ ಲೆಕ್ಕಕ್ಕೆ ಬರುತ್ತದೆ. ದಾಳಿಯ ಮೊದಲ ರಾತ್ರಿಗಳಲ್ಲಿ ಫಿರಂಗಿಗಳು ಬಹುತೇಕ ಸುಮ್ಮನಿದ್ದುದಕ್ಕೆ ಲಂಡನ್ನಿಗರು ಗೊಣಗಿದ್ದರು. ವಿಮಾನ ನಿರೋಧಕ ದಳದ ಮುಖ್ಯಸ್ಥ ಜನರಲ್ ಪೈಲ್, ಗುರಿ ಸಿಗದಿದ್ದರೂ ಸರಿ, ಹೊಡೆಯಿರಿ ಎಂದರು. ಕಿವಿಗಡಚಿಕ್ಕುವ ಆ ಸದ್ದಿಗೆ ಜನ ನೆಮ್ಮದಿಪಟ್ಟರು! ಶೆಲ್ಲಿನ ಚೂರುಗಳು ಅವರ ಮನೆಗಳ ಮೇಲೇ ಬೀಳುತ್ತಿದ್ದವು ಎಂಬುದು ಬೇರೆ ಮಾತು.

ಗುರಿ ಸುಧಾರಿಸಿದ್ದು ರಾಡಾರ್‌ನಿಂದ. ಕೆಲವೇ ತಿಂಗಳಲ್ಲಿ ಶೆಲ್ ಖರ್ಚು ನಾಲ್ಕೈದು ಪಟ್ಟು ಇಳಿಯಿತು. 1941ರಿಂದ ಹೆಣ್ಣುಮಕ್ಕಳೂ ಬ್ಯಾಟರಿಗಳಿಗೆ, ಅಂದರೆ ಫಿರಂಗಿ ತುಕಡಿಗಳಿಗೆ, ಬಂದರು. ರಾಡಾರ್ ನೋಡಿ, ಲೆಕ್ಕದ ಯಂತ್ರ ನಡೆಸಿ, ಎಲ್ಲಿಗೆ ಹೊಡೆಯಬೇಕೆಂದು ಹೇಳುತ್ತಿದ್ದವರು ಅವರೇ. ಫಿರಂಗಿ ಹಾರಿಸಲು ಮಾತ್ರ ಅವರಿಗೆ ಅನುಮತಿ ಇರಲಿಲ್ಲ. ಈ ವಿಚಿತ್ರ ನಿಯಮ ಯುದ್ಧದುದ್ದಕ್ಕೂ ಇತ್ತು.

ಫಿರಂಗಿಯ ನಿಜವಾದ ಕಾಲ ಬಂದದ್ದು 1944ರಲ್ಲಿ, ಜರ್ಮನಿಯ ಪೈಲಟ್ ಇಲ್ಲದ ಹಾರುವ ಬಾಂಬು ವಿ-1 ಬಂದಾಗ. ಅದು ನೇರ ದಾರಿ, ಒಂದೇ ವೇಗ, ಒಂದೇ ಎತ್ತರ ಬಿಟ್ಟು ಕದಲುತ್ತಿರಲಿಲ್ಲ. ಜುಲೈ ಮಧ್ಯದಲ್ಲಿ ಪೈಲ್ ನೂರಾರು ಫಿರಂಗಿಗಳನ್ನು ಕೆಲವೇ ದಿನಗಳಲ್ಲಿ ಕಡಲ ತೀರಕ್ಕೆ ಸಾಗಿಸಿದರು. ಅಮೆರಿಕದಿಂದ ಹೊಸ ರಾಡಾರ್, ಜೊತೆಗೆ ಹೊಸ ಫ್ಯೂಜ್ ಬಂದಿದ್ದವು. ಶೆಲ್ಲಿನ ಮೂತಿಯಲ್ಲಿ ಪುಟ್ಟ ರೇಡಿಯೊ. ಗುರಿ ಹತ್ತಿರವಾದೊಡನೆ ತಾನೇ ಸಿಡಿಯುತ್ತದೆ, ಉಂಗುರ ತಿರುಗಿಸುವ ಗೊಡವೆಯಿಲ್ಲ. ಆಗಸ್ಟ್ ಕೊನೆಯ ಹೊತ್ತಿಗೆ ಫಿರಂಗಿ ಸಾಲಿನ ಮುಂದೆ ಬಂದ ವಿ-1ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೋ ಕಡಲಿಗೋ ಬೀಳುತ್ತಿದ್ದವು.

ಪ್ರಶ್ನೆ: ಕ್ಷಿಪಣಿಗಳ ಕಾಲದಲ್ಲಿ ಇಂಥ ಫಿರಂಗಿಗಳು ಇನ್ನೂ ಬೇಕೇ?
- ಓದುಗರೊಬ್ಬರು, ಹಾಸನ

ಉತ್ತರ: ಬೇಕು. ಅಗ್ಗದ ಡ್ರೋನ್‌ಗೆ ಕೋಟಿಗಟ್ಟಲೆ ಬೆಲೆಯ ಕ್ಷಿಪಣಿ ಹಾರಿಸುವುದು ಯಾರಿಗೂ ಪೂರೈಸದು. ನಮ್ಮ ಸೇನೆ 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಡ್ರೋನ್‌ಗಳ ವಿರುದ್ಧ ಬಳಸಿದ್ದರಲ್ಲಿ 40 ಮಿಲಿಮೀಟರಿನ ಎಲ್-70 ಫಿರಂಗಿಯೂ ಒಂದು. ಮೂಲ ವಿನ್ಯಾಸ ಸ್ವೀಡನ್ನಿನ ಬೋಫೋರ್ಸ್ ಕಂಪನಿಯದು, ಅರ್ಧ ಶತಮಾನಕ್ಕೂ ಹಳೆಯದು. ಅದಕ್ಕೆ ಹೊಸ ಕಣ್ಣು ಕೊಟ್ಟದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್): ಹಗಲಿರುಳು ಗುರಿ ಹಿಡಿಯುವ ಕ್ಯಾಮೆರಾ, ತಾನಾಗಿ ಹಿಂಬಾಲಿಸುವ ವ್ಯವಸ್ಥೆ. ಅಂದಹಾಗೆ, ಹಗರಣದಿಂದ ಹೆಸರಾದ ಬೋಫೋರ್ಸ್ ಇದಲ್ಲ; ಅದು 155 ಮಿಲಿಮೀಟರಿನ, ನೆಲದ ಗುರಿಗೆ ಹೊಡೆಯುವ ಫಿರಂಗಿ.