ಡ್ರಗ್ಸ್ ಬಳಸುವವರನ್ನು ಜೈಲಿಗೆ ಹಾಕದಿದ್ದರೆ ಸಾಲದೇ, ಮಾರಾಟವನ್ನೂ ಕಾನೂನುಬದ್ಧ ಮಾಡಬೇಕೇ?

ನಿಮ್ಮ ತಮ್ಮ ನಶೆಗೆ ಮಾತ್ರೆ ನುಂಗುತ್ತಾನೆ ಅಂತ ಬರೆದು ಈ ಪ್ರಶ್ನೆ ಕೇಳಿದ್ದೀರಿ. ಒಂದು ಕಾಲಕ್ಕೆ 'ಜೈಲು ಬೇಡ, ಅಷ್ಟು ಸಾಕು' ಅಂತ ನಾನೂ, ಬಳಸುವವರಿಗೆ ಜೈಲು ಬೇಡ ಅಂದ ಪೋರ್ಚುಗಲ್ ಹೆಸರು ಹೇಳಿಕೊಂಡು ವಾದಿಸುತ್ತಿದ್ದವನೇ.

ಒಂದು ರಾತ್ರಿ ನನ್ನ ರೂಮ್‌ಮೇಟ್ ಯಾರಿಂದಲೋ ಕೊಂಡ ನೋವಿನ ಮಾತ್ರೆ ನುಂಗಿ ಮಲಗಿದ. ಗೊರಕೆ ವಿಚಿತ್ರವಾಗಿತ್ತು, ತುಟಿ ನೀಲಿಗಟ್ಟಿತ್ತು. ನಾನು ಆಂಬುಲೆನ್ಸ್‌ಗೆ ಫೋನ್ ಮಾಡಲಿಲ್ಲ. ಮೊದಲು ರೂಮು ಗುಡಿಸಿದೆ. ಹೌದು, ಗುಡಿಸಿದೆ. ಆಂಬುಲೆನ್ಸ್ ಹಿಂದೆಯೇ ಪೊಲೀಸರು ಬರುತ್ತಾರೆ ಅನ್ನೋ ಭಯ. ಮಿಕ್ಕ ಮಾತ್ರೆಗಳನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡಿದೆ. ಎರಡು ತೇಲಿದವು. ಟ್ಯಾಂಕ್ ತುಂಬುವವರೆಗೆ ಅಲ್ಲೇ ನಿಂತು ಕಾದು ಮತ್ತೆ ಮಾಡಿದೆ. ಅವನದೇ ಹೆಬ್ಬೆರಳು ಒತ್ತಿಸಿ ಫೋನ್ ತೆರೆದು ಮೆಸೇಜ್ ಅಳಿಸಿದೆ. ಆ ಬೆರಳು ತಣ್ಣಗಿತ್ತು. ಆಗಲಾದರೂ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಇಪ್ಪತ್ತು ನಿಮಿಷ ಹೋಯಿತು. ಓಪಿಯಾಯ್ಡ್, ಅಂದರೆ ಅಫೀಮಿನಂಥ ನೋವಿನ ಮದ್ದು, ಮಿತಿಮೀರಿದರೆ ಉಸಿರು ನಿಧಾನವಾಗುತ್ತಾ ನಿಲ್ಲುತ್ತದೆ. ಆಮ್ಲಜನಕ ಇಲ್ಲದೆ ಮಿದುಳು ತಡೆಯುವುದು ಕೆಲವೇ ನಿಮಿಷ.

ಆಸ್ಪತ್ರೆಯಲ್ಲಿ "ಏನು ನುಂಗಿದ? ಒಂದು ಮಾತ್ರೆ ಇದ್ದರೆ ಕೊಡಿ" ಅಂದರು. ಕೊಡೋಕೆ ಏನಿತ್ತು? ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಅನ್ನೋ ಔಷಧ ಕೊಟ್ಟು ಉಳಿಸಿದರು. ಈಗ ಅವನು ಒಂದೇ ಮಾತನ್ನು ಮೂರು ಸಲ ಕೇಳುತ್ತಾನೆ.

ನನ್ನ ಭಯಕ್ಕೆ ಪೋರ್ಚುಗಲ್ ಕಾನೂನಿನಲ್ಲಿ ಮದ್ದಿದೆ. 2001ರಿಂದ ಅಲ್ಲಿ ಹತ್ತು ದಿನದ ಬಳಕೆಯಷ್ಟು ಇಟ್ಟುಕೊಂಡವನನ್ನು ಕೋರ್ಟಿನ ಬದಲು ಒಂದು ಸಮಿತಿಯ ಮುಂದೆ ಕೂರಿಸುತ್ತಾರೆ. ಆದರೆ ಮಾರಾಟ ಅಲ್ಲೂ ಅಪರಾಧವೇ. ಅಂದರೆ ಆ ಮಾತ್ರೆಯೊಳಗೆ ಏನಿದೆ ಅನ್ನೋದು ಮಾರಿದವನಿಗೇ ಗೊತ್ತು, ಅವನಿಗೂ ಗೊತ್ತಿರುವುದು ಅನುಮಾನ. ಅಮೆರಿಕದ ಆರಿಗನ್ ರಾಜ್ಯ 2020ರಲ್ಲಿ ಮತ ಹಾಕಿ, ಸ್ವಲ್ಪ ಡ್ರಗ್ಸ್ ಇಟ್ಟುಕೊಂಡವರ ಶಿಕ್ಷೆಯನ್ನು 100 ಡಾಲರ್ ದಂಡಕ್ಕೆ ಇಳಿಸಿತು, 2024ರಲ್ಲಿ ಹಿಂದೆ ಸರಿಯಿತು. ಸಡಿಲ ಬಿಟ್ಟಿದ್ದೇ ತಪ್ಪು ಅನ್ನುತ್ತಾರೆ. ಬೀದಿಯಲ್ಲಿ ಫೆಂಟನಿಲ್ ಅನ್ನೋ ಅತಿ ಪ್ರಬಲ ಓಪಿಯಾಯ್ಡ್ ಹಾಗೇ ಇತ್ತಲ್ಲ, ಅದನ್ನು ಅವರು ಹೇಳಲ್ಲ.

ಆದ್ದರಿಂದ 'ಇದೋ ಅದೋ' ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮನುಷ್ಯನನ್ನು ಏನು ಮಾಡಬೇಕು ಅನ್ನೋದು ಒಂದು, ಮಾಲನ್ನು ಏನು ಮಾಡಬೇಕು ಅನ್ನೋದು ಇನ್ನೊಂದು. ಎಲ್ಲವನ್ನೂ ಅಂಗಡಿಯಲ್ಲಿ ಜೋಡಿಸಿಡಿ ಅಂತಲ್ಲ. 2018ರಿಂದ ಕೆನಡಾದಲ್ಲಿ ಗಾಂಜಾ ಪೊಟ್ಟಣದ ಮೇಲೆ ನಶೆ ಏರಿಸುವ ಅಂಶವಾದ ಟಿಎಚ್‌ಸಿ ಎಷ್ಟು ಅಂತ ಅಚ್ಚಾಗಿರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 1994ರಿಂದ, ಬೇರೆ ಚಿಕಿತ್ಸೆ ಫಲಿಸದ ವ್ಯಸನಿಗಳಿಗೆ ಕ್ಲಿನಿಕ್‌ನಲ್ಲಿ ಅಳೆದು ಹೆರಾಯಿನ್ ಕೊಡುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತದೆ.

ನಿಮ್ಮ ತಮ್ಮನ ಜೊತೆ ಈ ವಾದ ಆಮೇಲೆ ಮಾಡಿ. ನಲೋಕ್ಸೋನ್ ಎಲ್ಲಿ ಸಿಗುತ್ತೆ ಅಂತ ಇವತ್ತೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಅವನು ಬಿದ್ದರೆ ಮೊದಲು ಫೋನ್ ಮಾಡಿ. ಮಾತ್ರೆ ಬಿಸಾಡಬೇಡಿ.